ಕೈವಸ್ತ್ರ, ಉಂಗುರ ಮತ್ತು ಬಿದನೂರಿನ ರಾಣಿ

ಅರಿಷಡ್ವರ್ಗವನ್ನು ಎಣಿಸುವಾಗ ನಮ್ಮ ಹಿರಿಯರು ಮಾತ್ಸರ್ಯವನ್ನು ಕಡೆಯಲ್ಲಿ ಇಟ್ಟಿದ್ದಾರೆ. ಕಡೆಯದೆಂದ ಮಾತ್ರಕ್ಕೆ ಕಿರಿದೆಂದು ತಿಳಿಯಲಾಗದು. ಉಳಿದ ಐದನ್ನು ಗೆದ್ದೆನೆಂದು ಬೀಗುವವನಲ್ಲಿಯೂ ಇದೊಂದು ಅಟ್ಟದ ಮೂಲೆಯ ಹಾವಿನಂತೆ ಸುರುಳಿಸುತ್ತಿ ಮಲಗಿರುವುದುಂಟು. ಈ ವಿಷಯದಲ್ಲಿ ಅಮರಸಿಂಹನು ತನ್ನ ಕೋಶದಲ್ಲಿ ಒಂದು ಸೂಕ್ಷ್ಮವನ್ನು ತೋರಿಸಿಕೊಟ್ಟಿದ್ದಾನೆ. ಅವನ ಮತದಲ್ಲಿ ಈರ್ಷ್ಯೆಯೇ ಬೇರೆ, ಅಸೂಯೆಯೇ ಬೇರೆ. ಸಹಿಸಲಾರದ ಮನಸ್ಸು ಈರ್ಷ್ಯೆ. ಗುಣವಿರುವೆಡೆಯಲ್ಲಿಯೂ ದೋಷವನ್ನು ಹೊರಿಸುವ ಬುದ್ಧಿ ಅಸೂಯೆ. ನಾವು ದಿನದ ಮಾತಿನಲ್ಲಿ ಎರಡನ್ನೂ ಹೊಟ್ಟೆಕಿಚ್ಚೆಂಬ ಒಂದೇ ಚೀಲಕ್ಕೆ ತುಂಬಿಬಿಡುತ್ತೇವೆ. ಆದರೆ ಷೇಕ್ಸ್‌ಪಿಯರ್ ಮಹಾಕವಿಯ ‘ಒಥೆಲೊ’ ಎಂಬ ರುದ್ರನಾಟಕವನ್ನು ಓದುವವರಿಗೆ ಅಮರನ ಈ ವಿಭಾಗವು ಎಷ್ಟು ಉಪಯುಕ್ತವೆಂಬುದು ಕೂಡಲೆ ಹೊಳೆಯುವುದು. ಆ ನಾಟಕದಲ್ಲಿ ಈರ್ಷ್ಯೆಯು ನಾಯಕನದು, ಅಸೂಯೆಯು ಅವನ ಧ್ವಜಧಾರಿಯಾದ ಇಯಾಗೊವಿನದು. ಎರಡನೆಯದು ಮೊದಲನೆಯದನ್ನು ಹೇಗೆ ಹೊತ್ತಿಸಿತೆಂಬುದೇ ಅದರ ಕಥೆ.

ಈ ಲೇಖನದಲ್ಲಿ ನಾನು ಆ ನಾಟಕದ ವಿಮರ್ಶೆಯನ್ನು ಮಾಡಹೊರಟವನಲ್ಲ. ಅದು ಕನ್ನಡಕ್ಕೆ ಬಂದ ಬಗೆಯನ್ನು ಸ್ವಲ್ಪ ಹೇಳಿ, ಅದರ ಬೆಳಕಿನಲ್ಲಿ ನಮ್ಮ ಜಿಲ್ಲೆಯ ಚರಿತ್ರೆಯಲ್ಲಿ ಅಂಟಿಕೊಂಡಿರುವ ಒಂದು ಅಪವಾದವನ್ನು ಪರಿಶೀಲಿಸುವುದು ಇಲ್ಲಿಯ ಉದ್ದೇಶ. ಬಿದನೂರಿನ ಕಡೆಯ ರಾಣಿ ವೀರಮ್ಮಾಜಿಯ ಮೇಲಣ ಅಪವಾದವೇ ಅದು.

ಒಥೆಲೊವಿನ ಕಥೆಯನ್ನು ಷೇಕ್ಸ್‌ಪಿಯರನು ಸ್ವಯಂ ಕಲ್ಪಿಸಿದವನಲ್ಲ. ಇಟಲಿಯ ಚಿಂತಿಯೊ ಎಂಬವನು 1565ರಲ್ಲಿ ಪ್ರಕಟಿಸಿದ ಕಥಾಸಂಗ್ರಹದಿಂದ ಅದನ್ನು ಎತ್ತಿಕೊಂಡು, ಕಸುಬುದಾರ ಅಕ್ಕಸಾಲಿಯು ಹಳೆಯ ಬಂಗಾರವನ್ನು ಕರಗಿಸುವಂತೆ ಕರಗಿಸಿ ಹೊಸತಾಗಿ ಎರಕಹೊಯ್ದನು. 1604ರ ನವಂಬರಿನಲ್ಲಿ ಲಂಡನ್ನಿನ ಅರಮನೆಯಲ್ಲಿ ಅದರ ಪ್ರಯೋಗವಾಯಿತೆಂಬುದಕ್ಕೆ ಲೆಕ್ಕಪತ್ರದ ಆಧಾರವಿದೆ. ಅಚ್ಚಿನಲ್ಲಿ ಬಂದುದು 1622ರಲ್ಲಿ, ಎಂದರೆ ಕವಿಯು ತೀರಿಕೊಂಡ ಆರು ವರ್ಷಗಳ ಮೇಲೆ. ವೆನಿಸ್ ಗಣರಾಜ್ಯದ ಸೇವೆಯಲ್ಲಿದ್ದ ಮೂರ್ ಜನಾಂಗದ ದಂಡನಾಯಕನೊಬ್ಬನು ಅಲ್ಲಿಯ ಶ್ರೀಮಂತನ ಮಗಳಾದ ಡೆಸ್ಡಿಮೋನಳನ್ನು ಅವಳ ಒಪ್ಪಿಗೆಯಿಂದ ಗುಟ್ಟಾಗಿ ಮದುವೆಯಾಗುವುದು, ತುರುಕರ ದಂಡನ್ನು ತಡೆಯಲು ಸೈಪ್ರಸ್ ದ್ವೀಪಕ್ಕೆ ಹೋಗುವುದು, ಅಲ್ಲಿ ಇಯಾಗೊವಿನ ಚಾಡಿಯಿಂದ ಹೆಂಡತಿಯ ಶೀಲವನ್ನು ಸಂದೇಹಿಸಿ ಅವಳನ್ನು ಕೊಲ್ಲುವುದು, ನಿಜವು ಹೊರಬಿದ್ದ ಮೇಲೆ ತನ್ನನ್ನು ತಾನೇ ಇರಿದುಕೊಳ್ಳುವುದು: ಕಥೆಯು ಇಷ್ಟೇ.

ಆದರೆ ಈ ಕಥೆಯೊಳಗಿನ ಯಂತ್ರವನ್ನು ಗಮನಿಸಬೇಕು. ಇಯಾಗೊವಿಗೆ ದೊರೆಯಬೇಕೆಂದಿದ್ದ ಉಪದಳಪತಿಯ ಪದವಿಯು ಕ್ಯಾಸಿಯೊ ಎಂಬ ಯುವಕನಿಗೆ ದೊರೆಯಿತು. ಅದು ಅವನ ಕೊರಗು. ಒಥೆಲೊವು ತನ್ನ ಹೆಂಡತಿಯನ್ನು ಕೂಡಿದ್ದನೆಂಬ ಒಂದು ಗಾಳಿಮಾತನ್ನೂ ಅವನು ನಂಬಿದಂತೆ ಆಡುತ್ತಾನೆ. ಕಾರಣಗಳನ್ನು ಇವನು ಆಮೇಲೆ ಹುಡುಕಿಕೊಳ್ಳುತ್ತಾನೆಯೇ ಹೊರತು ಕೇಡು ಮೊದಲೇ ಅವನಲ್ಲಿದ್ದಿತೆಂದು ಕೋಲ್‌ರಿಜ್ ಕವಿಯು ಬಗೆದನು. ಇದು ಪೂರ್ಣವಾಗಿ ಒಪ್ಪತಕ್ಕ ಮಾತೆಂದು ನನಗೆ ತೋರುವುದಿಲ್ಲ. ಪದವಿ ತಪ್ಪಿದವನ ಉರಿಯು ಎಷ್ಟು ದೂರ ಹಬ್ಬಬಲ್ಲುದೆಂಬುದು ಕಚೇರಿಯಲ್ಲಿ ಕೆಲಸ ಮಾಡಿದವರೆಲ್ಲರಿಗೂ ತಿಳಿದಿದೆ! ಅದಂತಿರಲಿ. ಮುಖ್ಯವಾದ ಸಂಗತಿಯೇನೆಂದರೆ ಇಯಾಗೊವು ಹೊಸದಾದ ಸುಳ್ಳನ್ನು ಹೆಚ್ಚಾಗಿ ಕಟ್ಟುವುದಿಲ್ಲ. ಊರಿನಲ್ಲಿ ಮೊದಲೇ ಬಿದ್ದುಕೊಂಡಿರುವ ಪೂರ್ವಗ್ರಹಗಳನ್ನು ಆಯ್ದು ಪೋಣಿಸುತ್ತಾನೆ. ಕಪ್ಪು ಮೈಯವನನ್ನು ಬಿಳಿಯ ಹೆಣ್ಣು ಮೆಚ್ಚಬೇಕಾದರೆ ಮಾಟಮದ್ದು ನಡೆದಿರಬೇಕೆಂದು ಅವಳ ತಂದೆ ಬ್ರಬಾನ್ಷಿಯೊವು ಸಭೆಯಲ್ಲಿ ಕೂಗಾಡಿದುದುಂಟು. ತಂದೆಯನ್ನು ವಂಚಿಸಿದವಳು ಗಂಡನನ್ನು ವಂಚಿಸಲಾರಳೇ ಎಂದು ಅಳಿಯನನ್ನು ಎಚ್ಚರಿಸಿದುದೂ ಉಂಟು. ಅದೇ ಮಾತನ್ನು ಇಯಾಗೊವು ಎರಡು ಅಂಕಗಳಾದ ಮೇಲೆ ಒಥೆಲೊವಿನ ಕಿವಿಯಲ್ಲಿ ಮೆಲ್ಲನೆ ಮರಳಿ ಉಸುರುತ್ತಾನೆ. ವೆನಿಸಿನ ಹೆಂಗಸರ ನಡತೆಯೇ ಹಾಗೆಂದು ಮತ್ತೊಂದು ಮಾತನ್ನು ಸೇರಿಸುತ್ತಾನೆ. ಪರದೇಶಿಯಾದ ಒಥೆಲೊವಿಗೆ ಅಲ್ಲಿಯ ನಡತೆ ತನಗೆ ತಿಳಿಯದೆಂಬ ಅಳುಕು ಒಳಗೇ ಇದ್ದಿತು. ಕಿಡಿಯನ್ನು ಹಾಕಿದವನು ಇಯಾಗೊ. ಸೌದೆಯನ್ನು ಒಣಗಿಸಿ ಇಟ್ಟಿದ್ದವರು ಊರಿನವರೆಲ್ಲ.

ಮತ್ತು ಕೈವಸ್ತ್ರ. ಒಥೆಲೊವು ಹೆಂಡತಿಗೆ ಮೊದಲು ಕೊಟ್ಟ ಕಾಣಿಕೆಯಾದ ಆ ಕಸೂತಿಯ ಬಟ್ಟೆಯು ಅವಳ ಕೈಯಿಂದ ಜಾರಿ ಬೀಳುತ್ತದೆ; ಇಯಾಗೊವಿನ ಹೆಂಡತಿ ಎಮಿಲಿಯ ಅದನ್ನೆತ್ತಿ ಗಂಡನಿಗೆ ಕೊಡುತ್ತಾಳೆ; ಅವನು ಅದನ್ನು ಕ್ಯಾಸಿಯೊವಿನ ಕೋಣೆಯಲ್ಲಿ ಬೀಳಿಸುತ್ತಾನೆ; ಕ್ಯಾಸಿಯೊವು ಏನೂ ಅರಿಯದೆ ಅದರ ಕಸೂತಿಯನ್ನು ತೆಗೆದುಕೊಡೆಂದು ಬಿಯಾಂಕ ಎಂಬವಳ ಕೈಗೆ ಕೊಡುತ್ತಾನೆ. ಇಷ್ಟಕ್ಕೆ ಒಂದು ಪ್ರಾಣವು ಹೋಗುತ್ತದೆ. 1693ರಲ್ಲಿ ಥಾಮಸ್ ರೈಮರ್ ಎಂಬ ಆಂಗ್ಲ ವಿಮರ್ಶಕನು, ಒಂದು ತುಂಡು ಬಟ್ಟೆಗಾಗಿ ಇಷ್ಟು ರಾದ್ಧಾಂತವೇ ಎಂದು ಈ ನಾಟಕವನ್ನು ಹಳಿದು ನಕ್ಕನು. ಅವನಿಗೆ ನಾಟಕದ ಮರ್ಮವೇ ತಿಳಿದಿರಲಿಲ್ಲವೆನ್ನಬೇಕು. ಸಾಕ್ಷ್ಯವು ಎಷ್ಟು ಅಲ್ಪವೋ ನಂಬುವವನ ಮನಸ್ಸು ಅಷ್ಟು ಸಿದ್ಧವಾಗಿದ್ದಿತೆಂದು ಅರ್ಥವಲ್ಲವೆ?

ಈ ನಾಟಕವು ಕನ್ನಡಕ್ಕೆ ಬಂದುದು ಕಳೆದ ಶತಮಾನಕ್ಕೂ ಹಿಂದೆ, ಮತ್ತು ಎರಡು ದಾರಿಗಳಲ್ಲಿ. ಉತ್ತರ ಕರ್ಣಾಟಕದಲ್ಲಿ ಚುರಮುರಿಯವರು 1885ರಲ್ಲಿ ಇದನ್ನು ‘ರಾಘವೇಂದ್ರರಾವ್ ನಾಟಕ’ವೆಂಬ ಹೆಸರಿನಲ್ಲಿ ರೂಪಾಂತರಿಸಿದರು. ಮೈಸೂರಿನಲ್ಲಿ ಆಸ್ಥಾನಕವಿಗಳಾದ ಬಸವಪ್ಪಶಾಸ್ತ್ರಿಗಳು (1843-1891) ‘ಶೂರಸೇನ ಚರಿತ್ರೆ’ಯನ್ನು ರಚಿಸಿದರು. ಶಾಸ್ತ್ರಿಗಳಿಗೆ ಇಂಗ್ಲಿಷ್ ಭಾಷೆಯ ಪರಿಚಯವಿರಲಿಲ್ಲವಾದುದರಿಂದ ಸಿ. ಸುಬ್ಬರಾಯರು ಮೂಲದ ಅರ್ಥವನ್ನು ತಿಳಿಸಿಕೊಡಲು, ಶಾಸ್ತ್ರಿಗಳು ಅದನ್ನು ಗದ್ಯಪದ್ಯಗಳಲ್ಲಿ ಕನ್ನಡಿಸಿದರು. ಒಬ್ಬರ ಕಿವಿಯಿಂದ ಮತ್ತೊಬ್ಬರ ಲೇಖನಿಗೆ ಹರಿದ ಕೃತಿಯಿದು. ಕಿವಿಯಲ್ಲಿ ಉಸುರಿದ ಮಾತಿನಿಂದ ನಡೆಯುವ ಕಥೆಗೆ ಇಂಥ ಜನ್ಮವು ದೊರೆತುದು ಒಂದು ವಿನೋದವೇ ಸರಿ.

ಹೆಸರುಗಳನ್ನು ಮಾತ್ರ ನೋಡಿದರೂ ಸಾಕು. ‘ವೆನಿಸಿನ ಮೂರ್’ ಎಂಬುದು ಮೂಲದ ಶಿರೋನಾಮೆಯ ಭಾಗ. ನಾಯಕನ ಜನಾಂಗವನ್ನು ಅದು ಮೊದಲೇ ಸಾರುತ್ತದೆ. ರಾಘವೇಂದ್ರರಾವ್ ಎಂದೊಡನೆ ನಮ್ಮ ಕಣ್ಣಿಗೆ ಬರುವವನು ನೆರೆಮನೆಯ ಗೃಹಸ್ಥ. ಶೂರಸೇನನೆಂದರೆ ಪುರಾಣದ ರಾಜಕುಮಾರ. ಈ ಎರಡು ಹೆಸರುಗಳಲ್ಲಿಯೂ ಹೊರಗಿನವನೆಂಬ ಸೂಚನೆಯಿಲ್ಲ. ಅನ್ಯನಾದವನ ಮೇಲಣ ತಿರಸ್ಕಾರವೆಂಬ ಎಳೆಯು ಶಿರೋನಾಮೆಯಿಂದಲೇ ಕಳಚಿಬಿದ್ದು, ಗಂಡಹೆಂಡಿರ ನಡುವಣ ಸಂದೇಹವೊಂದೇ ಕಥೆಯ ಮೈಯಾಗಿ ನಿಂತಿತು. ನಮ್ಮಲ್ಲಿ ಹುಟ್ಟನ್ನು ನೋಡಿ ಮನುಷ್ಯನನ್ನು ಅಳೆಯುವ ಪದ್ಧತಿಯು ಇರಲಿಲ್ಲವೆಂದೇನೂ ಅಲ್ಲ. ಯಥೇಚ್ಛವಾಗಿ ಇದ್ದುದರಿಂದಲೇ ಅದನ್ನು ರಂಗದ ಮೇಲೆ ತರುವುದು ಅಂದಿನವರಿಗೆ ಸುಲಭವಾಗಿರಲಾರದು.

ಬಸವಪ್ಪಶಾಸ್ತ್ರಿಗಳ ವಿಷಯದಲ್ಲಿ ಇನ್ನೊಂದು ಮಾತನ್ನು ಹೇಳದೆ ಮುಂದುವರಿಯಲಾರೆ. ಅಭಿನವ ಕಾಳಿದಾಸರೆಂದು ಅವರಿಗೆ ಬಿರುದು ಬಂದುದು ‘ಕರ್ಣಾಟಕ ಶಾಕುಂತಲ’ದಿಂದ. ಅಲ್ಲಿಯೂ ಒಂದು ಚಿಕ್ಕ ವಸ್ತುವೇ ದಾಂಪತ್ಯದ ಸಾಕ್ಷಿ. ಉಂಗುರವು ಕಳೆದುಹೋದಾಗ ಹೆಂಡತಿಯು ಸುಳ್ಳುಗಾತಿಯಾಗುತ್ತಾಳೆ, ಮೀನಿನ ಹೊಟ್ಟೆಯಿಂದ ಅದು ಹೊರಬಂದಾಗ ಸತ್ಯವೂ ಹೊರಬರುತ್ತದೆ. ಕೈವಸ್ತ್ರವಾದರೊ ಕಳೆದುಹೋದಾಗ ಸುಳ್ಳನ್ನು ಹುಟ್ಟಿಸುತ್ತದೆ, ದೊರೆತಾಗ ಆ ಸುಳ್ಳನ್ನು ಸ್ಥಿರಪಡಿಸುತ್ತದೆ. ಕಾಳಿದಾಸನ ಜಗತ್ತಿನಲ್ಲಿ ವಸ್ತುಗಳು ಕಡೆಗೆ ಸತ್ಯದ ಪಕ್ಷವನ್ನು ವಹಿಸುತ್ತವೆ; ಷೇಕ್ಸ್‌ಪಿಯರನ ಜಗತ್ತಿನಲ್ಲಿ ಅವು ಯಾರ ಕೈಯಲ್ಲಿವೆಯೋ ಅವರ ಪಕ್ಷ. ಈ ಎರಡನ್ನೂ ಒಬ್ಬನೇ ಕವಿ ಕನ್ನಡಕ್ಕೆ ತಂದನೆಂಬುದನ್ನು ನಮ್ಮ ಸಾಹಿತ್ಯಚರಿತ್ರೆಗಳು ಇನ್ನಷ್ಟು ಆದರದಿಂದ ಹೇಳಬೇಕಾಗಿತ್ತು. ಮುಂದೆ ನಮ್ಮ ಕಾಲದಲ್ಲಿ ಕೆ. ಎಸ್. ನಿಸಾರ್ ಅಹಮದ್ ಅವರು ‘ಒಥೆಲ್ಲೊ’ವನ್ನು ಮೂಲದ ಹೆಸರಿನಲ್ಲಿಯೇ ಕನ್ನಡಕ್ಕೆ ಅನುವಾದಿಸಿದರು, ಅವರು ಶಿವಮೊಗ್ಗೆಯ ಸಹ್ಯಾದ್ರಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದವರೆಂಬುದು ನಮ್ಮ ವಾಚಕರಿಗೆ ಸಂತೋಷದ ಸಂಗತಿ.

ಇನ್ನು ಬಿದನೂರಿಗೆ ಬರೋಣ.

ಕೆಳದಿಯಲ್ಲಿ ಹುಟ್ಟಿ, ಇಕ್ಕೇರಿಯಲ್ಲಿ ಬೆಳೆದು, ಬಿದನೂರಿನಲ್ಲಿ ಮುಗಿದ ನಾಯಕರ ರಾಜ್ಯವು ಸುಮಾರು ಎರಡೂವರೆ ಶತಮಾನಗಳ ಕಾಲ ಮಲೆನಾಡನ್ನೂ ಕರಾವಳಿಯ ಬಹುಭಾಗವನ್ನೂ ಆಳಿತು. ಶಿವಪ್ಪನಾಯಕನ ಶಿಸ್ತು, ಶಿವಾಜಿಯ ಮಗನಾದ ರಾಜಾರಾಮನಿಗೆ ಆಶ್ರಯವನ್ನಿತ್ತ ಚೆನ್ನಮ್ಮಾಜಿಯ ಧೈರ್ಯ, ಬಸಪ್ಪನಾಯಕನ ‘ಶಿವತತ್ತ್ವರತ್ನಾಕರ’, ಇವು ನಮ್ಮ ಜಿಲ್ಲೆಯ ಮಕ್ಕಳೂ ಬಲ್ಲ ಸಂಗತಿಗಳು. ಆ ವಂಶದ ಆದ್ಯಂತವನ್ನು ಲಿಂಗಣ್ಣಕವಿಯು ‘ಕೆಳದಿನೃಪವಿಜಯ’ವೆಂಬ ಚಂಪೂಕಾವ್ಯದಲ್ಲಿ ಹೇಳಿದ್ದಾನೆ, ಅದನ್ನು ಆರ್. ಶಾಮಶಾಸ್ತ್ರಿಗಳು 1921ರಲ್ಲಿ ಸಂಪಾದಿಸಿ ಪ್ರಕಟಿಸಿದರು.

ಈ ಅರಮನೆಯಲ್ಲಿ ಕಿವಿಯೂದುವವರಿಗೆ ಕೊರತೆಯಿರಲಿಲ್ಲ. ಚೆನ್ನಮ್ಮಾಜಿಯ ಗಂಡನಾದ ಮೊದಲನೆಯ ಸೋಮಶೇಖರನಾಯಕನು ಕಲಾವತಿಯೆಂಬ ನರ್ತಕಿಯ ಮೋಹಕ್ಕೂ ಭರಮೆ ಮಾವುತನೆಂಬವನ ಮದ್ದುಗಳಿಗೂ ವಶನಾಗಿ ಬುದ್ಧಿಯನ್ನು ಕಳೆದುಕೊಂಡನೆಂಬ ಕಥೆಯು ಪ್ರಸಿದ್ಧವಾಗಿದೆ. ಆ ದೊರೆಯು ಕೊಲೆಯಾದ ಮೇಲೆ ಚೆನ್ನಮ್ಮಾಜಿಯು ಪಟ್ಟವೇರಿ 1697ರ ವರೆಗೆ ರಾಜ್ಯವನ್ನು ಉಳಿಸಿದಳು. ಹೆಂಗಸು ಆಳಬಲ್ಲಳೆಂಬುದನ್ನು ಬಿದನೂರು ಒಮ್ಮೆ ಕಂಡಿದ್ದಿತು.

ಎರಡನೆಯ ಬಸಪ್ಪನಾಯಕನು 1754ರ ಸುಮಾರಿನಲ್ಲಿ ತೀರಿಕೊಂಡನು. ಅವನ ತರುವಾಯ ಪಟ್ಟಕ್ಕೆ ಬಂದ ಚೆನ್ನಬಸಪ್ಪನಾಯಕನು ಮೂರು ವರ್ಷಗಳೊಳಗೆ ಇಲ್ಲವಾದನು. 1757ರಿಂದ ಬಸಪ್ಪನ ವಿಧವೆಯಾದ ವೀರಮ್ಮಾಜಿಯು ಸೋಮಶೇಖರನೆಂಬ ಬಾಲಕನನ್ನು ದತ್ತು ತೆಗೆದುಕೊಂಡು ರಾಜ್ಯವನ್ನು ನಡೆಸಿದಳು. 1763ರ ಮಾರ್ಚಿಯಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದನು. ಇಷ್ಟರಲ್ಲಿ ವಿವಾದವಿಲ್ಲ.

ವಿವಾದವಿರುವುದು ಕರ್ನಲ್ ಮಾರ್ಕ್ ವಿಲ್ಕ್ಸನು ಹೇಳುವ ಕಥೆಯಲ್ಲಿ. ಇವನು 1803ರಿಂದ ಕೆಲವು ವರ್ಷ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದು, 1810 ಮತ್ತು 1817ರಲ್ಲಿ ದಕ್ಷಿಣದೇಶದ ಚರಿತ್ರೆಯನ್ನು ಪ್ರಕಟಿಸಿದನು. ಅವನ ಪ್ರಕಾರ, ವಿಧವೆಯಾದ ರಾಣಿಯು ನಿಂಬಯ್ಯನೆಂಬ ದಾಸನೊಡನೆ ಕೂಡಿಕೊಂಡಳು. ಪ್ರಾಯಕ್ಕೆ ಬರುತ್ತಿದ್ದ ಚೆನ್ನಬಸಪ್ಪನು ಇದನ್ನು ಆಕ್ಷೇಪಿಸಿದನು. ಆಗ ರಾಣಿಯು ಜಟ್ಟಿಯೊಬ್ಬನನ್ನು ನೇಮಿಸಿ, ಎಣ್ಣೆನೀರಿನ ಸಮಯದಲ್ಲಿ ಮೈಯನ್ನು ತಿಕ್ಕುವ ನೆಪದಿಂದ ಹುಡುಗನ ಕುತ್ತಿಗೆಯನ್ನು ಮುರಿಸಿದಳು. ಈ ಕಥೆಯು ಆಮೇಲಿನ ಗೆಜೆಟಿಯರುಗಳಲ್ಲಿಯೂ ಪಾಠಪುಸ್ತಕಗಳಲ್ಲಿಯೂ ಸೇರಿಕೊಂಡು, ಬಿದನೂರು ಏಕೆ ಬಿದ್ದಿತೆಂದು ಕೇಳಿದವರಿಗೆಲ್ಲ ಸಿದ್ಧವಾದ ಉತ್ತರವಾಯಿತು.

ವಿಲ್ಕ್ಸನು ಸುಳ್ಳು ಹೇಳುವ ಮನುಷ್ಯನಲ್ಲ. ಕೇಳಿದುದನ್ನು ಶ್ರದ್ಧೆಯಿಂದ ಬರೆದಿಟ್ಟವನು. ಆದರೆ ಅವನು ಕೇಳಿದುದು ಸಂಗತಿಯು ನಡೆದ ನಾಲ್ವತ್ತೈದು ವರ್ಷಗಳಾದ ಮೇಲೆ, ಗೆದ್ದವರ ರಾಜಧಾನಿಯಿದ್ದ ನಾಡಿನಲ್ಲಿ. ಸ್ವಂತ ಅಂತಃಪುರದ ಬಾಗಿಲೊಳಗೆ ನಡೆಯಿತೆನ್ನಲಾದ ಮಾತು ಇಷ್ಟು ದೂರ ಯಾರ ಬಾಯಿಂದ ಯಾರ ಕಿವಿಗೆ ಹಾದು ಬಂದಿತು? ಕೈವಸ್ತ್ರವು ಕೈಯಿಂದ ಕೈಗೆ ಹೋದುದನ್ನು ಪ್ರೇಕ್ಷಕನು ರಂಗದ ಮೇಲೆ ಕಾಣುತ್ತಾನೆ. ಚರಿತ್ರೆಯ ಓದುಗನಿಗೆ ಆ ಸೌಲಭ್ಯವಿಲ್ಲ. ಆದುದರಿಂದ ಈ ಮಾತಿನಿಂದ ಲಾಭವಾದುದು ಯಾರಿಗೆ ಎಂಬುದನ್ನಾದರೂ ವಿಚಾರಿಸಬೇಕು.

ವಿಲ್ಕ್ಸನೇ ಇದಕ್ಕೆ ಉತ್ತರವನ್ನು ಕೊಡುತ್ತಾನೆ. 1763ರ ಆದಿಯಲ್ಲಿ ಹೈದರನು ಚಿತ್ರದುರ್ಗದ ಸೀಮೆಯಲ್ಲಿದ್ದಾಗ ಅಲ್ಲಿಯ ಪಾಳೆಯಗಾರನು ಅವನ ಮುಂದೆ ಒಬ್ಬ ತರುಣನನ್ನು ತಂದು ನಿಲ್ಲಿಸಿದನು. ತಾನೇ ಚೆನ್ನಬಸಪ್ಪನೆಂದೂ, ಕೊಲ್ಲಬೇಕಾಗಿದ್ದ ಜಟ್ಟಿಯು ಕನಿಕರಪಟ್ಟು ತನ್ನನ್ನು ಬದುಕಿಸಿ ಅಡಗಿಸಿಟ್ಟನೆಂದೂ ಆ ತರುಣನ ಹೇಳಿಕೆ. ಹೈದರನು ಇವನನ್ನು ಮುಂದಿಟ್ಟುಕೊಂಡು, ನ್ಯಾಯವಾದ ದೊರೆಗೆ ಪಟ್ಟವನ್ನು ಕೊಡಿಸುವ ನೆವದಿಂದ ಬಿದನೂರಿನ ಕಡೆಗೆ ದಂಡೆತ್ತಿದನು. ಸ್ವಲ್ಪ ನಿಲ್ಲೋಣ. ದಂಡಯಾತ್ರೆಗೆ ನ್ಯಾಯದ ಬಣ್ಣ ಬರಬೇಕಾದರೆ ರಾಣಿಯು ಕೊಲೆಗೆ ಯತ್ನಿಸಿದ ಪಾಪಿಯೆಂದಾಗಬೇಕು. ಆದರೆ ಕೊಲೆಯು ನಡೆದಿರಲೂ ಕೂಡದು, ನಡೆದಿದ್ದರೆ ಈ ತರುಣನು ಬದುಕಿರುವುದು ಹೇಗೆ? ಅದೇ ಜಟ್ಟಿಯು ಒಂದು ಕಥೆಯಲ್ಲಿ ಕುತ್ತಿಗೆಯನ್ನು ಮುರಿದವನು, ಇನ್ನೊಂದರಲ್ಲಿ ಮುರಿಯದೆ ಬಿಟ್ಟವನು. ಎರಡೂ ಒಂದೇ ಪಾಳೆಯದ ಸುತ್ತ ಹಬ್ಬಿದ ಮಾತುಗಳು. ನ್ಯಾಯಸ್ಥಾನದಲ್ಲಿ ಇಂಥ ಸಾಕ್ಷಿಯನ್ನು ಹಾಜರುಪಡಿಸಿದ ವಕೀಲನ ಗತಿಯೇನಾಗುತ್ತಿತ್ತೆಂಬುದನ್ನು ಹೇಳಬೇಕಾಗಿಲ್ಲ. ಹೈದರನ ಸಿಪಾಯಿಗಳಿಗೇ ನಂಬಿಕೆಯಿದ್ದಂತೆ ತೋರುವುದಿಲ್ಲ. ಅವರು ಆ ತರುಣನನ್ನು ‘ಗೈಬ್ ರಾಜ’, ಎಂದರೆ ಮಾಯವಾಗಿದ್ದ ರಾಜ, ಎಂದು ಪರಿಹಾಸ್ಯ ಮಾಡುತ್ತಿದ್ದರಂತೆ.

ದಂಡು ನಮ್ಮ ಶಿವಮೊಗ್ಗೆಯ ಮೇಲೆ ಹಾದು ಪಶ್ಚಿಮಕ್ಕೆ ನಡೆಯಿತು. ರಾಣಿಯು ಹಣವನ್ನು ಕೊಟ್ಟು ಶತ್ರುವನ್ನು ಹಿಂದಿರುಗಿಸಲು ಯತ್ನಿಸಿದಳು. ಮೊದಲು 4 ಲಕ್ಷ ವರಹಗಳೆಂದದ್ದು ದಂಡು ಹತ್ತಿರ ಬಂದಂತೆ 18 ಲಕ್ಷಕ್ಕೆ ಏರಿತೆಂದು ವಿಲ್ಕ್ಸನು ಹೇಳುತ್ತಾನೆ. ಮಲೆನಾಡಿನ ಆ ರಾಜಧಾನಿಗೆ ಕಾಡೇ ಕೋಟೆ. ಸುತ್ತಲೂ ಮೈಲಿಗಟ್ಟಲೆ ಹಬ್ಬಿದ ಬೆಟ್ಟಗಳ ಕಣಿವೆಬಾಗಿಲುಗಳಲ್ಲಿ ಕಾವಲನ್ನಿಟ್ಟರೆ ಹೊರಗಿನ ಸೈನ್ಯವು ಒಳಹೊಗುವುದು ಕಷ್ಟ. ಹೈದರನಿಗೆ ದಾರಿಯನ್ನು ತೋರಿಸಿದವನು ಫಿರಂಗಿಯಲ್ಲ, ಒಬ್ಬ ಮನುಷ್ಯ. ಹಿಂದಿನ ದೊರೆಯ ಕಾಲದಲ್ಲಿ ಪ್ರಧಾನಿಯಾಗಿದ್ದ ಲಿಂಗಣ್ಣನೆಂಬವನು ಆಗ ಕುಂಸಿಯಲ್ಲಿ ಸೆರೆಯಲ್ಲಿದ್ದನು. (ಈತನನ್ನು ಕಾವ್ಯವನ್ನು ಬರೆದ ಲಿಂಗಣ್ಣನೊಡನೆ ಕಲಸಿಬಿಡಬಾರದು.) ಹೈದರನ ಕೈಗೆ ಸಿಕ್ಕಿದ ಈ ಪದಚ್ಯುತ ಮಂತ್ರಿಯು ಬಿದನೂರಿನ ಒಳಗೆ ಹೋಗುವ ಗುಪ್ತವಾದ ಕಾಲುದಾರಿಯನ್ನು ತಿಳಿಸಿಕೊಟ್ಟನು. ಮುಂಭಾಗದ ಕಾವಲುಗಳ ಮೇಲೆ ಹುಸಿಯುದ್ಧವು ನಡೆಯುತ್ತಿರಲು ದಂಡಿನ ಒಂದು ಭಾಗವು ಆ ದಾರಿಯಿಂದ ನುಗ್ಗಿ ನಗರದೊಳಗೆ ಕಾಣಿಸಿಕೊಂಡಿತು. ಜನರು ಕಾಡಿಗೆ ಓಡಿದರು. ರಾಣಿಯು ಅರಮನೆಗೆ ಬೆಂಕಿಯಿಡಿಸಿ ಬಲ್ಲಾಳರಾಯನ ದುರ್ಗಕ್ಕೆ ಓಡಿಹೋದಳು.

ಶಿವಮೊಗ್ಗೆಯಿಂದ ಸಾಗರದ ಕಡೆಗೆ ಹೋಗುವವರು ಕುಂಸಿಯನ್ನು ಅರೆಗಳಿಗೆಯಲ್ಲಿ ದಾಟಿಬಿಡುತ್ತಾರೆ. ನನಗಾದರೊ ಬಿದನೂರಿನ ದುರಂತದ ಸಂಧಿಯು ಅಂತಃಪುರದಲ್ಲಿಲ್ಲ, ಕುಂಸಿಯ ಆ ಸೆರೆಮನೆಯಲ್ಲಿದೆಯೆಂದು ತೋರುತ್ತದೆ. ಪದವಿಯಿಂದ ತಳ್ಳಲ್ಪಟ್ಟವನು, ಮನೆಯ ಒಳಗುಟ್ಟನ್ನು ಬಲ್ಲವನು, ತನ್ನ ಹಗೆಯನ್ನು ತೀರಿಸಿಕೊಳ್ಳಲು ಮತ್ತೊಬ್ಬನ ಬಲವನ್ನು ಬಳಸಿಕೊಂಡವನು. ಅವನನ್ನು ಸೆರೆಗೆ ಹಾಕಿದುದು ನ್ಯಾಯವೋ ಅನ್ಯಾಯವೋ, ಅವನಿಗೂ ಹೇಳಿಕೊಳ್ಳಲು ಒಂದು ಕಥೆಯಿದ್ದಿರಬೇಕು, ಇಯಾಗೊವಿಗೂ ಇದ್ದಿತು. ಆದರೆ ಜನಸ್ಮೃತಿಯಲ್ಲಿ ಉಳಿದುದು ದಾರಿಯನ್ನು ತೋರಿಸಿದ ಮಂತ್ರಿಯಲ್ಲ, ದಾರಿ ತಪ್ಪಿದಳೆನ್ನಲಾದ ರಾಣಿ. ರಾಜ್ಯವೊಂದು ಬಿದ್ದುದಕ್ಕೆ ಖಜಾನೆ, ಸೈನ್ಯ, ನೆರೆಯ ಪಾಳೆಯಗಾರರ ವೈರ, ಮಂತ್ರಿಗಳ ಒಳಜಗಳ ಎಂದು ನಾಲ್ಕು ಕಾರಣಗಳನ್ನು ಹುಡುಕುವುದಕ್ಕಿಂತ ಹೆಣ್ಣೊಬ್ಬಳು ಕೆಟ್ಟಳೆಂದು ಹೇಳಿಬಿಡುವುದು ಸುಲಭ, ಕೇಳುವವರಿಗೂ ರುಚಿ.

ಈ ರುಚಿಯು ನಮ್ಮಲ್ಲಿ ಬಹು ಹಳೆಯದು. ಜನ್ನಕವಿಯು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಅಮೃತಮತಿಯೆಂಬ ರಾಣಿಯು ಕುರೂಪಿಯಾದ ಮಾವುತನ ದನಿಗೆ ಸೋತು, ಕಡೆಗೆ ಗಂಡನಿಗೆ ವಿಷವಿಡುತ್ತಾಳೆ. ಅದು ಹಿಂಸೆಯ ಸಂಕಲ್ಪಮಾತ್ರವೂ ಎಂಥ ಫಲವನ್ನು ಕೊಡುವುದೆಂಬುದನ್ನು ಬೋಧಿಸುವ ಕಾವ್ಯ; ಕವಿಯ ಕಣ್ಣು ಧರ್ಮದ ಮೇಲಿದೆ. ಆದರೆ ಕೇಳುಗರ ಮನಸ್ಸಿನಲ್ಲಿ ಅಚ್ಚೊಂದು ಉಳಿದುಬಿಟ್ಟಿತು: ಅರಮನೆಯ ಹೆಣ್ಣು, ಕೀಳು ಹುಟ್ಟಿನ ಗಂಡು, ಕೊಲೆ. ನಿಂಬಯ್ಯನು ದಾಸನೆಂದು ಒತ್ತಿಹೇಳಿದುದನ್ನು ಗಮನಿಸಿರಿ. ಅವನು ಕುಲೀನನಾದ ದಳವಾಯಿಯಾಗಿದ್ದಿದ್ದರೆ ಅಪವಾದಕ್ಕೆ ಅರ್ಧ ಕಾವೂ ಇರುತ್ತಿರಲಿಲ್ಲ. ವೆನಿಸಿನಲ್ಲಿ ಮೈಯ ಬಣ್ಣವು ಮಾಡಿದ ಕೆಲಸವನ್ನು ಇಲ್ಲಿ ಹುಟ್ಟು ಮಾಡಿತು. ಅಚ್ಚು ಸಿದ್ಧವಿದ್ದಾಗ ಅದರಲ್ಲಿ ಯಾವ ಹೆಸರನ್ನು ಎರೆದರೂ ವಿಗ್ರಹವು ಸರಾಗವಾಗಿ ಎದ್ದುಬರುತ್ತದೆ. ಇದರಿಂದ ವೀರಮ್ಮಾಜಿಯು ನಿರ್ದೋಷಿಯೆಂದು ಸಿದ್ಧವಾಗುವುದಿಲ್ಲ, ಒಪ್ಪುತ್ತೇನೆ. ಅಚ್ಚಿಗೆ ಸರಿಹೊಂದುವ ನಿಜವೂ ಒಮ್ಮೊಮ್ಮೆ ಇರಬಹುದು. ಆದರೆ ಇಷ್ಟು ಚೆನ್ನಾಗಿ ಸರಿಹೊಂದುವ ಮಾತನ್ನು ಮತ್ತೆ ಎರಡು ಬಾರಿ ತಟ್ಟಿನೋಡಬೇಕೆಂಬುದು ಮಡಕೆ ಕೊಳ್ಳುವವರೂ ಬಲ್ಲ ವಿವೇಕ.

ಇದೇ ವಸ್ತುವು ಕನ್ನಡದಲ್ಲಿ ಮಹತ್ತಾದ ನಾಟಕವಾಯಿತು. ನಮ್ಮ ಜಿಲ್ಲೆಯ ಕುಪ್ಪಳಿಯ ಮಹಾಕವಿ, 1987ರಲ್ಲಿ ಸ್ಥಾಪಿತವಾಗಿ ಶಂಕರಘಟ್ಟದಲ್ಲಿ ನೆಲೆಗೊಂಡ ವಿಶ್ವವಿದ್ಯಾನಿಲಯಕ್ಕೆ ಯಾರ ಹೆಸರಿದೆಯೋ ಆ ಕುವೆಂಪು ಅವರು, 1930ರ ದಶಕದ ಆದಿಯಲ್ಲಿ ‘ರಕ್ತಾಕ್ಷಿ’ಯನ್ನು ಪ್ರಕಟಿಸಿದರು. ಅದಕ್ಕೂ ಮೊದಲು ಷೇಕ್ಸ್‌ಪಿಯರನ ‘ಟೆಂಪೆಸ್ಟ್’ ನಾಟಕವನ್ನು ‘ಬಿರುಗಾಳಿ’ಯಾಗಿ ಮಾಡಿದ್ದ ಅವರು, ಇಲ್ಲಿ ‘ಹ್ಯಾಮ್ಲೆಟ್ಟಿ’ನ ಚೌಕಟ್ಟಿನೊಳಗೆ ಬಿದನೂರಿನ ಕಥೆಯನ್ನು ಕೂರಿಸಿದರು. ಡೆನ್ಮಾರ್ಕಿನ ರಾಜಪುತ್ರನು ಬಿದನೂರಿನ ಬಸವಯ್ಯನಾದನು. ಸಿಂಹಾಸನದ ಮೇಲೆ ಕಣ್ಣಿಟ್ಟ ದುಷ್ಟನ ಸ್ಥಾನದಲ್ಲಿ ನಿಂಬಯ್ಯನು ನಿಂತನು. ಚೌಕಟ್ಟು ಎಷ್ಟು ಚೆನ್ನಾಗಿ ಹೊಂದಿತೆಂದರೆ ಎರವಲೆಂಬುದೇ ಮರೆತುಹೋಗುವಂತಿದೆ. ಅದರಲ್ಲಿಯೂ ಮೂಲದ ಒಫೀಲಿಯಳಿಗೆ ಸಮನಾದ ರುದ್ರಾಂಬೆಯು ಹುಚ್ಚಿಯಾಗಿ ನೀರಿನಲ್ಲಿ ತೇಲಿಹೋಗದೆ, ತಾನೇ ರಕ್ತಾಕ್ಷಿಯಾಗಿ ಸೇಡನ್ನು ತೀರಿಸಲು ನಿಲ್ಲುವುದು ಕವಿಯ ಸ್ವತಂತ್ರ ಪ್ರತಿಭೆ. ಮಲೆನಾಡಿನ ಹೆಣ್ಣನ್ನು ಬಲ್ಲವರು ಈ ಮಾರ್ಪಾಟನ್ನು ಮೆಚ್ಚದಿರಲಾರರು. ಕವಿಯು ಚರಿತ್ರಕಾರನಲ್ಲ, ಹ್ಯಾಮ್ಲೆಟ್ಟಿನ ಚೌಕಟ್ಟಿಗೆ ತಪ್ಪಿತಸ್ಥಳಾದ ರಾಣಿಯೊಬ್ಬಳು ಬೇಕು, ವಿಲ್ಕ್ಸನ ಕಥೆಯಲ್ಲಿ ಅವಳು ಸಿದ್ಧಳಾಗಿದ್ದಳು. ಕವಿಯನ್ನು ಇದಕ್ಕಾಗಿ ಆಕ್ಷೇಪಿಸುವುದು ಅರಸಿಕತನ. ಆದರೆ ನಾಟಕವನ್ನು ನೋಡಿ ಬಂದವರು ಅದನ್ನೇ ಚರಿತ್ರೆಯೆಂದು ನಂಬುವಾಗ ಒಂದು ಮಾತನ್ನು ಕೇಳಬೇಕೆನಿಸುತ್ತದೆ. ಅದೇ ಸಾಮಗ್ರಿಯನ್ನು ‘ಒಥೆಲೊ’ವಿನ ಚೌಕಟ್ಟಿನಲ್ಲಿ ಕೂರಿಸಿದ್ದರೆ ಏನಾಗುತ್ತಿತ್ತು? ಹ್ಯಾಮ್ಲೆಟ್ಟನಿಗೆ ಅವನ ತಂದೆಯ ಪ್ರೇತವು ಕಿವಿಯಲ್ಲಿ ಹೇಳಿದುದು ನಿಜ. ಒಥೆಲೊವಿಗೆ ಗೆಳೆಯನು ಕಿವಿಯಲ್ಲಿ ಹೇಳಿದುದು ಸುಳ್ಳು. ಒಂದೇ ಕಿವಿಮಾತು, ಒಂದು ನಾಟಕದಲ್ಲಿ ನ್ಯಾಯದ ಕರೆ, ಇನ್ನೊಂದರಲ್ಲಿ ಕೊಲೆಯ ಬೀಜ. ವೀರಮ್ಮಾಜಿಯ ವಿಷಯದಲ್ಲಿ ನಮ್ಮವರು ಕೇಳಿದುದು ಯಾವ ದನಿಯೆಂಬುದನ್ನು ಯಾರೂ ಪರೀಕ್ಷಿಸಲಿಲ್ಲ. ಹ್ಯಾಮ್ಲೆಟ್ಟನಾದರೂ ಪ್ರೇತದ ಮಾತು ದಿಟವೇ ಎಂದು ತಿಳಿಯಲು ಆಟದವರಿಂದ ಒಂದು ನಾಟಕವನ್ನಾಡಿಸಿ ಚಿಕ್ಕಪ್ಪನ ಮುಖವನ್ನು ನೋಡಿದನು!

ಹೈದರನು ಬಿದನೂರಿಗೆ ಹೈದರ್‌ನಗರವೆಂದು ಹೆಸರಿಟ್ಟನು. ಅದರ ಅರ್ಧವು ಉದುರಿ ನಗರವೆಂಬುದು ಉಳಿದಿದೆ. ಅಲ್ಲಿ ಸಿಕ್ಕಿದ ಐಶ್ವರ್ಯವೇ ತನ್ನ ಮುಂದಿನ ಏಳಿಗೆಗೆ ಬುನಾದಿಯೆಂದು ಅವನು ಭಾವಿಸುತ್ತಿದ್ದನಂತೆ. ಅವನು ಹೊರಡಿಸಿದ ವರಹದ ಮೇಲೆ ಇಕ್ಕೇರಿಯ ನಾಣ್ಯದಲ್ಲಿದ್ದ ಶಿವಪಾರ್ವತಿಯರ ವಿಗ್ರಹವನ್ನು ಹಾಗೆಯೇ ಉಳಿಸಿಕೊಂಡನು; ಚಲಾವಣೆಯಲ್ಲಿ ನಂಬಿಕೆಯಿರುವ ಮುದ್ರೆಯನ್ನು ಕೆಡಿಸಬಾರದೆಂಬ ವ್ಯವಹಾರಜ್ಞಾನವು ಅವನಿಗೆ ಚೆನ್ನಾಗಿದ್ದಿತು.

ಗೈಬ್ ರಾಜನಿಗೆ ಪಟ್ಟವು ದೊರೆಯಲಿಲ್ಲ. ಬಲ್ಲಾಳರಾಯನ ದುರ್ಗದಲ್ಲಿ ಸಿಕ್ಕಿಬಿದ್ದ ವೀರಮ್ಮಾಜಿ, ಅವಳ ದತ್ತುಪುತ್ರನಾದ ಸೋಮಶೇಖರ, ನಿಂಬಯ್ಯ, ಇವರೊಡನೆ, ಯಾರ ಹಕ್ಕಿಗಾಗಿ ಈ ಯುದ್ಧವೆಲ್ಲ ನಡೆಯಿತೆಂದು ಹೇಳಲಾಗಿತ್ತೋ ಆ ತರುಣನನ್ನೂ ಸೇರಿಸಿ ಹೈದರನು ಮಧುಗಿರಿಯ ಬೆಟ್ಟದ ಮೇಲಣ ಒಂದೇ ಸೆರೆಗೆ ಕಳುಹಿಸಿದನು. ಕೊಂದವಳೆನಿಸಿಕೊಂಡವಳೂ ಕೊಲ್ಲಲ್ಪಟ್ಟವನೆನಿಸಿಕೊಂಡವನೂ ಅಲ್ಲಿ ನಾಲ್ಕು ವರ್ಷ ಒಂದೇ ಕೋಟೆಯೊಳಗೆ ಇದ್ದರು. ಆ ಬೆಟ್ಟದ ಮೇಲೆ ಅವರು ಒಬ್ಬರನ್ನೊಬ್ಬರು ನೋಡಿದಾಗ ಏನನ್ನು ಆಡಿಕೊಂಡರೆಂಬ ನಾಟಕವನ್ನು ಇನ್ನೂ ಯಾರೂ ಬರೆದಿಲ್ಲ. 1767ರಲ್ಲಿ ಪೇಶ್ವೆ ಮಾಧವರಾಯನು ಮಧುಗಿರಿಯನ್ನು ಹಿಡಿದು ಸೆರೆಯಾಳುಗಳನ್ನು ಬಿಡಿಸಿ ಪುಣೆಯ ಕಡೆಗೆ ಕಳುಹಿಸಿದನು. ವೀರಮ್ಮಾಜಿಯು ಪುಣೆಯನ್ನು ಮುಟ್ಟಲಿಲ್ಲ, ದಾರಿಯಲ್ಲಿಯೇ ತೀರಿಕೊಂಡಳು.